ಪ್ರೋಬ್ ಮುರಿದರೆ ಸ್ಟೈಲಸ್ ಬದಲಿಸಿದಷ್ಟಕ್ಕೇ ಮುಗಿಯದು

ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷಿನ್‌ನ ಟಚ್ ಪ್ರೋಬ್ ಎಂದರೆ ತುದಿಯಲ್ಲಿ ಮಾಣಿಕ್ಯದ ಗುಂಡಿರುವ ಕಡ್ಡಿಯಿಂದ (ಸ್ಟೈಲಸ್) ಜಾಬನ್ನು, ಅಂದರೆ ಕೆಲಸದ ತುಂಡನ್ನು, ಮುಟ್ಟಿ ಅಳೆಯುವ ಸಾಧನ. ಅದು ಅಳತೆ ತೆಗೆಯುವಾಗ ಮುರಿಯುವುದು ಅಪರೂಪ. ಮುರಿಯುವುದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿ0ದಲ್ಲಿ, ಅಂದರೆ ಪೂರ್ಣ ವೇಗದ ಆಜ್ಞೆಯಲ್ಲಿ, ಓಡುವಾಗ. ಶಿರಸಿಯಲ್ಲಿ ಅಡಿಕೆ ಸುಲಿಯುವ ಯಂತ್ರದ ಬೇರಿಂಗ್ ಹೌಸಿಂಗ್ ಇರಲಿ, ಕಾರವಾರದಲ್ಲಿ ಬೋಟಿನ ಶಾಫ್ಟ್ ಕಪ್ಲಿಂಗ್ ಇರಲಿ, ಕ್ಲ್ಯಾಂಪಿನ ಬೋಲ್ಟಿಗೆ ಬಡಿದರೆ ಆಯಿತು.

ಆದ್ದರಿಂದ ಪ್ರೋಬ್ ಸ್ಪಿಂಡಲ್‌ನಲ್ಲಿ (ಟೂಲ್ ಹಿಡಿದು ತಿರುಗುವ ಭಾಗ) ಇರುವಾಗ ಜಿ0 ಬೇಡವೇ ಬೇಡ. ಫಾನಕ್ ಕಂಪನಿಯ ಕಂಟ್ರೋಲ್‌ನಲ್ಲಿ ಪ್ರೋಬ್ ತಯಾರಕ ರೆನಿಶಾದ ಮ್ಯಾಕ್ರೊ (ಸಿದ್ಧ ಪ್ರೋಗ್ರಾಂ) ಇದ್ದರೆ, ಅದನ್ನು ಕರೆಯುವ ಜಿ65 ಪಿ9810 ಬಳಸಿ. ದಾರಿಯಲ್ಲಿ ಏನಾದರೂ ತಾಗಿದರೆ ಮಷಿನ್ ಅಲಾರಂ ಕೊಟ್ಟು ನಿಲ್ಲುತ್ತದೆ. ಆದರೆ ಅದಕ್ಕೂ ಮುಂಚೆ ಪಿ9832ರಿಂದ ಪ್ರೋಬ್ ಆನ್ ಆಗಿರಬೇಕು. ಆಫ್ ಇರುವ ಪ್ರೋಬ್ ಗೋಡೆಗೆ ಗುದ್ದಿದರೂ ಮಷಿನ್‌ಗೆ ಗೊತ್ತಾಗದು. ಎಚ್ ಆಫ್‌ಸೆಟ್ ನಂಬರ್ (ಪ್ರೋಬಿನ ಉದ್ದ ದಾಖಲಾದ ಸಾಲು) ಎರಡು ಸಲ ನೋಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಸ್ಟೈಲಸ್ ರಂಧ್ರದೊಳಗೇ ಇರಬಹುದು. ಮೊದಲು ಝಡ್ (ಮೇಲೆ-ಕೆಳಗಿನ ಅಕ್ಷ) ಮೇಲೆತ್ತಿ, ಆಮೇಲೆ ಅಡ್ಡ ಅಕ್ಷಗಳಾದ ಎಕ್ಸ್, ವೈ ಹೋಮ್ ಮಾಡಿ, ಅಂದರೆ ಮೂಲ ಸ್ಥಾನಕ್ಕೆ ತನ್ನಿ.

ಮುರಿದೇ ಹೋಯಿತೆನ್ನಿ. ತುಂಡನ್ನು ಅದರ ಅಡ್ಡ ತೂತಿಗೆ ಪಿನ್ ಹಾಕಿ ತಿರುಗಿಸಿ ಬಿಚ್ಚಿ. ಇಕ್ಕಳ ಹಾಕಿ ತಿರುಚಿದರೆ ಒಳಗಿನ ನಾಜೂಕಾದ ಆಸನಕ್ಕೆ ಪೆಟ್ಟು. ಹೊಸ ಸ್ಟೈಲಸ್ ಎಂ4 ಥ್ರೆಡ್ಡಿನದಾದರೆ 2 ನ್ಯೂಟನ್ ಮೀಟರ್ ಸುಮಾರಿಗೆ ಬಿಗಿ ಸಾಕು. ಕಳಚಿದ ಮಾಣಿಕ್ಯದ ಗುಂಡನ್ನು ಅಂಟು ಹಾಕಿ ಕೂರಿಸುವುದನ್ನು ಬಿಟ್ಟುಬಿಡಿ. ಅಂಟಿನ ದಪ್ಪವೇ ಅಳತೆ ಕೆಡಿಸುತ್ತದೆ. ಅಗ್ಗದ ಸ್ಟೈಲಸ್‌ನಲ್ಲಿ ಗುಂಡಿನ ದುಂಡುತನಕ್ಕೇ ಖಾತ್ರಿಯಿಲ್ಲ.

ಈಗ ಬೆರಳಿನಿಂದ ನಾಲ್ಕು ಬದಿಗೂ ಮೆಲ್ಲಗೆ ಒತ್ತಿ, ಕೆಳಗಿನಿಂದಲೂ ಒತ್ತಿ. ಪ್ರತಿ ಸಲ ಪ್ರೋಬಿನ ಹಸಿರು ದೀಪ ಕೆಂಪಾಗಬೇಕು, ಬಿಟ್ಟೊಡನೆ ಹಸಿರಿಗೆ ಬರಬೇಕು. ಏನೂ ಮುಟ್ಟದೆಯೂ ಕೆಂಪಾಗಿಯೇ ಇದ್ದರೆ, ಅಥವಾ ಒಳಗಿನ ಡಯಾಫ್ರಾಂ (ತೆಳು ಪೊರೆ) ತೂತಾಗಿದ್ದರೆ, ಬಿಚ್ಚಲು ಹೋಗಬೇಡಿ, ಸರ್ವಿಸ್‌ಗೆ ಕಳಿಸಿ.

ಮುಂದಿನ ಹಂತದಲ್ಲೇ ಹೆಚ್ಚಿನವರು ಎಡವುವುದು: ಗುಂಡನ್ನು ಸ್ಪಿಂಡಲ್‌ನ ನಡುವಿಗೆ ತರುವುದು. ಲಿವರ್ ಡಯಲ್‌ನ (ಸೂಕ್ಷ್ಮ ವ್ಯತ್ಯಾಸ ಮುಳ್ಳಿನಲ್ಲಿ ತೋರಿಸುವ ಗೇಜ್) ಮೊನೆಯನ್ನು ಗುಂಡಿನ ಅತಿ ಅಗಲದ ಜಾಗಕ್ಕೆ ತಾಗಿಸಿ. ತಾಗಿದ್ದು ಹೌದೋ ಅಲ್ಲವೋ ಅನ್ನುವಷ್ಟೇ ಒತ್ತಡ ಇರಲಿ. ಹೆಚ್ಚಾದರೆ ಸ್ಟೈಲಸ್ಸೇ ಬಾಗಿ ಡಯಲ್ ಸುಳ್ಳು ಹೇಳುತ್ತದೆ. ಸ್ಪಿಂಡಲ್ ಕೈಯಿಂದ ತಿರುಗಿಸಿ. ಎದುರುಬದುರು ಎರಡು ಕಡೆ 0.08 ಮಿಮೀ ವ್ಯತ್ಯಾಸ ಬಂದರೆ ಸರಿಸಬೇಕಾದದ್ದು ಅದರರ್ಧ, 0.04 ಮಾತ್ರ. ಶ್ಯಾಂಕ್ (ಸ್ಪಿಂಡಲ್‌ಗೆ ಕೂರುವ ಹಿಡಿ) ಹಿಡಿದ ಲಾಕ್ ಸ್ಕ್ರೂ ತುಸು ಸಡಿಲಿಸಿ, ಎದುರುಬದುರಿನ ಗ್ರಬ್ ಸ್ಕ್ರೂಗಳಲ್ಲಿ (ತಲೆಯಿಲ್ಲದ ಸಣ್ಣ ಸ್ಕ್ರೂ) ಒಂದನ್ನು ಬಿಟ್ಟು ಇನ್ನೊಂದನ್ನು ಬಿಗಿಯಿರಿ. ಆಮೇಲೆ 90 ಡಿಗ್ರಿ ತಿರುಗಿಸಿ ಇನ್ನೊಂದು ಜೋಡಿ. ಪೂರ್ತಿ ಸುತ್ತಿಗೆ 0.01 ಒಳಗೆ ಬರುವ ತನಕ ಬಿಡಬೇಡಿ. ಲಾಕ್ ಸ್ಕ್ರೂ ಬಿಗಿದ ಮೇಲೆ ಮತ್ತೊಮ್ಮೆ ಡಯಲ್ ಹಾಕಿ, ಬಿಗಿಯುವಾಗಲೇ ಗುಂಡು ಸರಿಯುತ್ತದೆ.

ಕ್ಯಾಲಿಬ್ರೇಶನ್, ಅಂದರೆ ಗೊತ್ತಿರುವ ಅಳತೆಗೆ ಪ್ರೋಬನ್ನು ಹೊಂದಿಸುವುದು, ತಪ್ಪಿಸುವಂತಿಲ್ಲ. ಮ್ಯಾಕ್ರೊ ನಂಬರ್ ಉದ್ದಕ್ಕೆ 9801, ಎಕ್ಸ್-ವೈ ಆಫ್‌ಸೆಟ್‌ಗೆ 9802, ಗುಂಡಿನ ತ್ರಿಜ್ಯಕ್ಕೆ 9803. ಕೊನೆಯ ಎರಡನ್ನು ರಿಂಗ್ ಗೇಜ್ (ಅಳತೆ ಖಾತ್ರಿಯಿರುವ ಉಂಗುರ) ಮೇಲೆ ಮಾಡಿ, ಜಾಬಿನ ರಂಧ್ರದ ಮೇಲಲ್ಲ. 6 ಮಿಮೀ ಗುಂಡಿಗೆ ತ್ರಿಜ್ಯ 3ಕ್ಕಿಂತ ತುಸು ಕಡಿಮೆ ಬಂದರೆ ಗಾಬರಿ ಬೇಡ; ಸಿಗ್ನಲ್ ಬರುವ ಮೊದಲು ಸ್ಟೈಲಸ್ ಚೂರು ಬಾಗುವುದೇ ಕಾರಣ. ಕ್ಯಾಲಿಬ್ರೇಶನ್ ಮಾಡಿದ ಫೀಡ್‌ನಲ್ಲೇ (ಚಲನೆಯ ವೇಗ) ಮುಂದೆ ಅಳೆಯಿರಿ, ಫೀಡ್ ಬದಲಾದರೆ ಆ ಬಾಗುವಿಕೆಯೂ ಬದಲಾಗುತ್ತದೆ.

ಕರಾವಳಿಯ ಉಪ್ಪುಗಾಳಿಗೆ ಬ್ಯಾಟರಿಯ ಸಂಪರ್ಕ ತಗಡು ಹಸಿರುಗಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ತೆರೆದು ಒಣಬಟ್ಟೆಯಿಂದ ಒರೆಸಿ. ಹೆಚ್ಚು ದಿನ ಬಳಸದಿದ್ದರೆ ಬ್ಯಾಟರಿ ತೆಗೆದಿಟ್ಟು, ಪ್ರೋಬನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿಡಿ.