ಹಳೇ ಡೆಸ್ಕ್‌ಟಾಪಿಗೆ ಎಸ್‌ಎಸ್‌ಡಿ, ಅದರ ಮೇಲೆ ಎಕ್ಸ್‌ಪಿ: ಹಾಕುವುದು ಹೇಗೆ?

ಹಳೇ ಸ್ಕ್ಯಾನರ್, ಪ್ಯಾರಲಲ್ ಪೋರ್ಟಿನ ಪ್ರಿಂಟರ್, ಇನ್ನೆಲ್ಲೂ ಓಡದ ಯಾವುದೋ ಲೆಕ್ಕದ ಸಾಫ್ಟ್‌ವೇರ್. ಇಂಥದ್ದು ಏನಾದರೂ ಇದ್ದವರು ಇವತ್ತಿಗೂ ವಿಂಡೋಸ್ ಎಕ್ಸ್‌ಪಿ ಬಿಟ್ಟಿಲ್ಲ. ಹಾರ್ಡ್‌ಡಿಸ್ಕ್ ಕಟಕಟ ಅನ್ನತೊಡಗಿದಾಗ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ಮಾಹಿತಿ ಇಡುವ ಡಿಸ್ಕ್) ತರುತ್ತಾರೆ, ಸಿಡಿ ಹಾಕುತ್ತಾರೆ, ನೀಲಿ ಪರದೆ ಬರುತ್ತದೆ. ಎಸ್‌ಎಸ್‌ಡಿ ಸರಿ ಇಲ್ಲ ಅಂತ ವಾಪಸ್ ಕೊಟ್ಟು ಬರುತ್ತಾರೆ. ಎಸ್‌ಎಸ್‌ಡಿ ಸರಿಯಾಗಿಯೇ ಇರುತ್ತದೆ. ಎಡವಟ್ಟಾಗಿರುವುದು ಬಯಾಸ್‌ನ (ಕಂಪ್ಯೂಟರ್ ಆನ್ ಆದೊಡನೆ ಓಡುವ, ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಒಂದು ಸಾಲಿನಲ್ಲಿ.

1. ಡಬ್ಬ ಬಿಚ್ಚಿ, ಧೂಳು ತೆಗೆಯಿರಿ. ಮದರ್‌ಬೋರ್ಡಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅದರ ಮೇಲೆ ದುಡ್ಡು ಹಾಕಬೇಡಿ.

2. ಮದರ್‌ಬೋರ್ಡಿನ ಮೇಲಿರುವ ಬಿಲ್ಲೆಯಂಥ ಸಿಆರ್2032 ಬ್ಯಾಟರಿಯನ್ನು ಈಗಲೇ ಬದಲಿಸಿ. ಇದು ಸತ್ತಿದ್ದರೆ, ಕರೆಂಟ್ ಹೋದಾಗಲೆಲ್ಲ ಬಯಾಸ್ ತನ್ನ ಮೂಲ ಸೆಟ್ಟಿಂಗಿಗೆ ಮರಳಬಹುದು. ನಿನ್ನೆ ಚೆನ್ನಾಗಿ ಓಡಿದ್ದ ಎಕ್ಸ್‌ಪಿ ಇವತ್ತು ನೀಲಿ ಪರದೆ ತೋರಿಸುತ್ತದೆ. ಜನ ಸುಮ್ನೆ ಮತ್ತೆ ವಿಂಡೋಸ್ ಹಾಕುತ್ತಾ ಕೂರುತ್ತಾರೆ.

3. ರ‍್ಯಾಮ್ ಹೆಚ್ಚಿಸಿ. ಡಿಡಿಆರ್2 ಸ್ಲಾಟಿಗೆ ಡಿಡಿಆರ್3 ಕೂರುವುದಿಲ್ಲ, ಒತ್ತಬೇಡಿ. 32 ಬಿಟ್ ಎಕ್ಸ್‌ಪಿಯಲ್ಲಿ 4 ಜಿಬಿ ಹಾಕಿದರೂ 3.25 ಜಿಬಿ ಆಸುಪಾಸು ಕಾಣಿಸುತ್ತದೆ. ರ‍್ಯಾಮ್ ಕೆಟ್ಟಿಲ್ಲ, ಎಕ್ಸ್‌ಪಿಯ ಮಿತಿಯೇ ಅಷ್ಟು.

ಎಸ್‌ಎಸ್‌ಡಿಗೆ ಪವರ್ ಕೇಬಲ್ ಸಾಲದಿದ್ದರೆ ಮೋಲೆಕ್ಸ್‌ನಿಂದ (ಹಳೇ ನಾಲ್ಕು ಪಿನ್ನಿನ ಪವರ್ ಕನೆಕ್ಟರ್) ಸಾಟಾಗೆ (ಎಸ್‌ಎಸ್‌ಡಿಗೆ ಸಿಕ್ಕಿಸುವ ಕನೆಕ್ಟರ್) ಬದಲಿಸುವ ತುಂಡು ಕೇಬಲ್ ಬೇಕಾಗುತ್ತದೆ. ವೈರುಗಳನ್ನು ಪ್ಲಾಸ್ಟಿಕ್ಕಿನೊಳಗೇ ಎರಕ ಹೊಯ್ದಿರುವ ಅಗ್ಗದ ಕೇಬಲ್ ಮಾತ್ರ ತರಬೇಡಿ. ಒಳಗೆ ಶಾರ್ಟ್ ಆಗಿ ಸುಟ್ಟುಹೋದ ಉದಾಹರಣೆಗಳಿವೆ. ಹಿಂಬದಿಯ ಮುಚ್ಚಳ ತೆಗೆಯಲು ಬರುವಂಥದ್ದೇ ವಾಸಿ.

4. ಈಗ ಎಲ್ಲರೂ ಎಡವುವ ಜಾಗ. ಇಲ್ಲಿ ಎರಡು ಕೆಲಸಗಳಿವೆ, ಎರಡನ್ನೂ ವಿಂಡೋಸ್ ಹಾಕುವ ಮೊದಲೇ ಮುಗಿಸಬೇಕು.

ಒಂದು, ಸಾಟಾ ಮೋಡ್. ಎಕ್ಸ್‌ಪಿ ಬಂದಿದ್ದು 2001ರಲ್ಲಿ. ಎಎಚ್‌ಸಿಐ (ಸಾಟಾ ಡಿಸ್ಕಿನ ಜತೆ ಕಂಪ್ಯೂಟರ್ ಮಾತಾಡುವ ಹೊಸ ರೀತಿ) ಬಳಕೆಗೆ ಬಂದಿದ್ದು ಅದಾದ ಮೇಲೆ. ಹಾಗಾಗಿ ಅದರ ಡ್ರೈವರ್ (ಯಂತ್ರಭಾಗವನ್ನು ವಿಂಡೋಸ್‌ಗೆ ಪರಿಚಯಿಸುವ ಸಾಫ್ಟ್‌ವೇರ್) ಎಕ್ಸ್‌ಪಿ ಸಿಡಿಯಲ್ಲಿ ಇಲ್ಲ. ಡಿಸ್ಕೇ ಸಿಗದೆ ಸೆಟಪ್ ನಿಂತುಬಿಡುತ್ತದೆ. ನೀಲಿ ಪರದೆಯಲ್ಲಿ ಸೊನ್ನೆಗಳ ಸಾಲಿನ ಕೊನೆಗೆ 7ಬಿ ಅಂತಿದ್ದರೆ ಇದೇ ಕಾಯಿಲೆ. ಬಯಾಸ್‌ಗೆ ಹೋಗಿ ಎಎಚ್‌ಸಿಐ ಇರುವಲ್ಲಿ ಐಡಿಇ (ಅದರ ಹಿಂದಿನ ಹಳೇ ರೀತಿ) ಮಾಡಿ. ಕೆಲವು ಬೋರ್ಡುಗಳಲ್ಲಿ ಈ ಐಡಿಇಗೇ ಕಂಪ್ಯಾಟಿಬಲ್ ಅಥವಾ ಲೆಗಸಿ ಅನ್ನುವ ಹೆಸರಿರುತ್ತದೆ. ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡುವ ದಾರಿಯೂ ಇದೆ, ಆದರೆ ಫ್ಲಾಪಿ ಎಲ್ಲಿಂದ ತರ್ತೀರಿ? ಇನ್ನು, ಎಲ್ಲ ಡ್ರೈವರ್ ಸೇರಿಸಿದ್ದೇವೆ ಅಂತ ಯಾರೋ ತಿದ್ದಿ ಹಂಚುವ ಎಕ್ಸ್‌ಪಿ ಸಿಡಿಗಳನ್ನು ಮುಟ್ಟಲೇಬೇಡಿ. ಒಳಗೆ ಇನ್ನೇನೇನು ಸೇರಿಸಿದ್ದಾರೋ ಯಾರಿಗೆ ಗೊತ್ತು.

ಎರಡು, ಪಾರ್ಟಿಷನ್ (ಡಿಸ್ಕಿನ ವಿಭಾಗ) ಶುರುವಾಗುವ ಜಾಗ. ಎಕ್ಸ್‌ಪಿ ಸೆಟಪ್ ತನ್ನ ಪಾಡಿಗೆ 63ನೇ ಸೆಕ್ಟರಿನಿಂದ (ಡಿಸ್ಕಿನ 512 ಬೈಟಿನ ತುಂಡು) ಪಾರ್ಟಿಷನ್ ಮಾಡುತ್ತದೆ. ಅಂದರೆ 32,256 ಬೈಟ್ ದಾಟಿದ ಮೇಲೆ. ಎಸ್‌ಎಸ್‌ಡಿಯ ಪುಟಗಳು 4,096 ಬೈಟ್ ಅಥವಾ ಅದರ ಪಟ್ಟುಗಳಲ್ಲಿರುತ್ತವೆ. 32,256 ಅದರಿಂದ ಸರಿಯಾಗಿ ಭಾಗವಾಗುವುದಿಲ್ಲ. ಒಂದು ಪುಟದಲ್ಲಿ ಮುಗಿಯುವ ಬರಹ ಎರಡು ಪುಟಕ್ಕೆ ಚಾಚಿಕೊಳ್ಳುತ್ತದೆ. ವೇಗವೂ ಕಮ್ಮಿ, ಸವೆತವೂ ಜಾಸ್ತಿ.

ಪರಿಹಾರ ಸುಲಭ. ಎಸ್‌ಎಸ್‌ಡಿಯನ್ನು ಮೊದಲು ವಿಂಡೋಸ್ 7 ಅಥವಾ ಅದಕ್ಕಿಂತ ಹೊಸದಿರುವ ಕಂಪ್ಯೂಟರಿಗೆ ಸಿಕ್ಕಿಸಿ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ವಿಭಾಗಗಳ ಪಟ್ಟಿ ಇಡುವ ಹಳೇ ಪದ್ಧತಿಯಾದ ಎಂಬಿಆರ್ ಆರಿಸಿ (ಹೊಸ ಪದ್ಧತಿಯಾದ ಜಿಪಿಟಿ ಬೇಡ, ಅದರಿಂದ ಎಕ್ಸ್‌ಪಿ ಬೂಟ್ ಆಗುವುದಿಲ್ಲ). ಪಾರ್ಟಿಷನ್ ಮಾಡಿ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಕೊಟ್ಟು, ಆಕ್ಟಿವ್ ಅಂತ ಗುರುತು ಹಾಕಿ. ಎಕ್ಸ್‌ಪಿಗೆ ಟ್ರಿಮ್ (ಅಳಿಸಿದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ಹೇಳುವ ಆದೇಶ) ಗೊತ್ತಿಲ್ಲ, ಅದಕ್ಕೇ ಕೊನೆಯಲ್ಲಿ ಹತ್ತನೇ ಒಂದು ಭಾಗ ಖಾಲಿ ಬಿಡಿ. ಸರಿಯಾಗಿದೆಯೇ ಅಂತ ನೋಡಲು ಸಿಸ್ಟಮ್ ಇನ್‌ಫರ್ಮೇಷನ್ ತೆರೆದು ಡಿಸ್ಕಿನ ವಿವರದಲ್ಲಿ ಪಾರ್ಟಿಷನ್ ಸ್ಟಾರ್ಟಿಂಗ್ ಆಫ್‌ಸೆಟ್ ಹುಡುಕಿ. ಅಲ್ಲಿ 10,48,576 ಇದ್ದರೆ ಗೆದ್ದಿರಿ.

5. ಎಸ್‌ಎಸ್‌ಡಿಯನ್ನು ಹಳೇ ಕಂಪ್ಯೂಟರಿಗೆ ತಂದು ಎಕ್ಸ್‌ಪಿ ಹಾಕಿ. ಸರ್ವಿಸ್ ಪ್ಯಾಕ್ 3 ಸೇರಿದ ಸಿಡಿಯೇ ಇರಲಿ. ಸರ್ವಿಸ್ ಪ್ಯಾಕ್ ಇಲ್ಲದ ಮೊದಲ ಸಿಡಿಗೆ ದೊಡ್ಡ ಡಿಸ್ಕ್ ಪೂರ್ತಿ ಕಾಣುವುದಿಲ್ಲ. ಪಾರ್ಟಿಷನ್ ಪಟ್ಟಿ ಬಂದಾಗ ಕೈ ಬಿಗಿ ಹಿಡಿಯಿರಿ. ಅದನ್ನು ಅಳಿಸಿ ಹೊಸದು ಮಾಡಿದಿರೋ, ಮತ್ತೆ 63ಕ್ಕೇ ಬಂದು ನಿಲ್ಲುತ್ತೀರಿ. ಇರುವುದನ್ನೇ ಆರಿಸಿ, ಫಾರ್ಮ್ಯಾಟ್ ಕೇಳಿದರೆ ಪಟ್ಟಿಯ ಕೊನೆಯಲ್ಲಿರುವ 'ಇದ್ದಂತೆಯೇ ಬಿಡು' ಅನ್ನುವುದನ್ನು ಒತ್ತಿ.

6. ಡ್ರೈವರುಗಳಲ್ಲಿ ಚಿಪ್‌ಸೆಟ್ (ಮದರ್‌ಬೋರ್ಡಿನ ಮುಖ್ಯ ಚಿಪ್ಪುಗಳದ್ದು) ಮೊದಲು, ಉಳಿದವು ಆಮೇಲೆ. ತಾನೇ ಹುಡುಕಿ ಹಾಕುತ್ತೇನೆ ಅನ್ನುವ ಡ್ರೈವರ್ ಅಪ್‌ಡೇಟರ್‌ಗಳು ಬೇಡವೇ ಬೇಡ. ಎಲ್ಲ ಸರಿಹೋಯಿತು ಅಂತ ಬಯಾಸ್‌ನಲ್ಲಿ ಮತ್ತೆ ಎಎಚ್‌ಸಿಐ ಮಾಡಲೂ ಹೋಗಬೇಡಿ, ಅದೇ 7ಬಿ ಕಾದಿರುತ್ತದೆ.

7. ನೆಟ್‌ವರ್ಕ್ ಕೇಬಲ್ ಕಿತ್ತಿಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿದಿದ್ದು 2014ರ ಏಪ್ರಿಲ್ 8ಕ್ಕೆ. ಆ್ಯಂಟಿವೈರಸ್ ಇದೆಯಲ್ಲ ಅನ್ನಬೇಡಿ, ಅದು ಸಾಲದು. ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಸಾಗಿಸಿ. ಡಿಫ್ರ್ಯಾಗ್ (ಡಿಸ್ಕಿನಲ್ಲಿ ಚದುರಿದ ಫೈಲುಗಳನ್ನು ಒಟ್ಟುಗೂಡಿಸುವುದು) ಮಾಡಬೇಡಿ. ನಿಮ್ಮ ಸಾಫ್ಟ್‌ವೇರ್ ಹಾಕಿ, ಪ್ರಿಂಟರ್ ಒಂದು ಹಾಳೆ ಉಗುಳಿದ ಮೇಲೆ ಕ್ಲೋನೆಜಿಲ್ಲಾ ಅನ್ನುವ ಡಿಸ್ಕ್ ನಕಲು ಮಾಡುವ ಸಾಫ್ಟ್‌ವೇರಿನಿಂದ ಇಡೀ ಡಿಸ್ಕಿನ ಇಮೇಜ್ (ಪೂರ್ತಿ ನಕಲು) ತೆಗೆದು ಬೇರೆ ಡ್ರೈವಿನಲ್ಲಿಡಿ.