ಹುಣಸೆಹಣ್ಣು ಹಾಕಿ ತೊಳೆದ ಪೆನ್ನಿ: ಆನ್‌ಲೈನಲ್ಲಿ ಹಳೇ ಬ್ರಿಟಿಷ್ ನಾಣ್ಯ ಕೊಳ್ಳೋಕೆ ಕಲಿತ ನನ್ನ ಅನುಭವ

ನಮ್ಮ ಮನೆ ಇರೋದು ಬರ್ಮಿಂಗ್‌ಹ್ಯಾಮಿನ ದಕ್ಷಿಣ ಭಾಗದಲ್ಲಿ, ಕಿಂಗ್ಸ್ ನಾರ್ಟನ್ ಸ್ಟೇಷನ್ನಿಗೆ ನಡ್ಕೊಂಡು ಹೋಗೋವಷ್ಟು ಹತ್ರ. ಹಾಸನದಿಂದ ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯ್ತು, ಅದ್ರಲ್ಲಿ ಮೊದಲ ನಾಲ್ಕು ವರ್ಷ ನಾಣ್ಯದ ಕಡೆ ತಿರುಗಿ ನೋಡಿದವನಲ್ಲ. ಪಕ್ಕದ ಮನೇಲಿ ಒಬ್ರು ಅಜ್ಜಿ ಇದ್ರು, ಅವರ ಹಿತ್ತಲ ಹುಲ್ಲು ನಾನೇ ಕತ್ತರಿಸಿ ಕೊಡ್ತಿದ್ದೆ, ಒಂದಿನ ಹಳೇ ಬಿಸ್ಕೆಟ್ ಡಬ್ಬ ತಂದು ಕೈಗಿಟ್ರು, ತೆಗೆದು ನೋಡಿದ್ರೆ ಒಳಗೆ ಅಂಗೈ ತುಂಬೋ ಥರದ ಕಪ್ಪು ಕಪ್ಪು ಬಿಲ್ಲೆಗಳು, ಹಳೇ ಪೆನ್ನಿ ನಾಣ್ಯಗಳು, ಅರವತ್ತಕ್ಕೂ ಮೇಲಿದ್ವು. ಇಲ್ಲಿ 1971ರ ಫೆಬ್ರವರಿ 15ರ ತನಕ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್, ಅಂದ್ರೆ ಪೌಂಡಿಗೆ 240 ಪೆನ್ನಿ. ನಮ್ಮಲ್ಲಿ ಆಣೆ ಲೆಕ್ಕ ಇತ್ತಲ್ಲ, ಹಾಗೆ. ಆ ದಿನ ಲೆಕ್ಕ ಬದಲಾದ ಮೇಲೆ ಈ ಪೆನ್ನಿಗಳು ಡಬ್ಬ ಸೇರಿದ್ದು, ಮತ್ತೆ ಹೊರಗೆ ಬಂದಿದ್ದು ನನ್ನ ಕೈಗೇ.

ಆವತ್ತು ರಾತ್ರಿ ನಾನು ಮಾಡಿದ ಕೆಲಸ ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ನಮ್ಮನೇಲಿ ಅಮ್ಮ ಹಬ್ಬದ ಹಿಂದಿನ ದಿನ ತಾಮ್ರದ ತಂಬಿಗೆ, ಹರಿವಾಣ ಎಲ್ಲ ಹುಣಸೆಹಣ್ಣು ಉಪ್ಪು ಹಚ್ಚಿ ತಿಕ್ಕೋರು, ಫಳಫಳ ಅನ್ನೋದು. ನಾನೂ ಅದನ್ನೇ ಮಾಡಿದೆ. ಹನ್ನೆರಡು ಪೆನ್ನಿ ಆರಿಸಿ ಹುಣಸೆ ನೀರಲ್ಲಿ ನೆನೆಸಿ ಹಳೇ ಬ್ರಷ್ ತಗೊಂಡು ತಿಕ್ಕಿದ್ದೇ ತಿಕ್ಕಿದ್ದು, ನೂರು ವರ್ಷದಿಂದ ಕೂತಿದ್ದ ಕಂದು ಬಣ್ಣ ಹತ್ತು ನಿಮಿಷದಲ್ಲಿ ಹೋಗಿ ಎಲ್ಲಾ ಒಂಥರಾ ಬೆಳ್ಳಗಿನ ಗುಲಾಬಿ ಬಣ್ಣಕ್ಕೆ ತಿರುಗಿದ್ವು. ಆ ಕಂದು ಬಣ್ಣ ಕೊಳೆ ಅಲ್ಲ, ಅದು ಲೋಹದ ಮೇಲೆ ತಾನಾಗೇ ಕಟ್ಟಿದ ಪದರ, ನಾಣ್ಯಕ್ಕೆ ಅದೇ ಚರ್ಮ, ನಾಣ್ಯ ಬಲ್ಲವರು ಮೊದಲು ನೋಡೋದೂ ಅದನ್ನೇ. ಈ ವಿಷ್ಯ ನಂಗೆ ಗೊತ್ತಾಗಿದ್ದು ಒಂದು ವಾರ ಆದ್ಮೇಲೆ. ಹಾಗಾಗಿ ಯಾರಾದ್ರೂ ಈ ಹವ್ಯಾಸಕ್ಕೆ ಇಳೀತೀನಿ ಅಂದ್ರೆ ನಾನು ಹೇಳೋ ಮೊದಲ ಮಾತು, ತೊಳೀಬೇಡಿ. ಹುಣಸೆ ಬೇಡ, ನಿಂಬೆ ಬೇಡ, ಪೀತಾಂಬರಿ ಬೇಡ, ಬಟ್ಟೇಲಿ ಉಜ್ಜೋದೂ ಬೇಡ. ಮಣ್ಣು ಮೆತ್ತಿದ್ರೆ ಡಿಸ್ಟಿಲ್ಡ್ ವಾಟರಲ್ಲಿ ನೆನೆಸಿಟ್ಟು ತಾನಾಗೇ ಬಿಡೋ ತನಕ ಕಾಯಿರಿ, ಅಷ್ಟೇ.

ನಾನು ತಿಕ್ಕಿದ ಹನ್ನೆರಡರಲ್ಲಿ ಒಂದು 1912ರದ್ದು, ಇಸವಿಯ ಎಡಗಡೆ ಸಣ್ಣದಾಗಿ ಎಚ್ ಅಂತ ಒಂದು ಅಕ್ಷರ ಇತ್ತು. ಏನಿದು ಅಂತ ಹುಡುಕಿದ್ರೆ, ಎಚ್ ಅಂದ್ರೆ ಹೀಟನ್, ನಮ್ಮ ಬರ್ಮಿಂಗ್‌ಹ್ಯಾಮಿನ ಟಂಕಸಾಲೆ! ಲಂಡನ್ನಿನ ರಾಯಲ್ ಮಿಂಟಿಗೆ ಕೆಲಸ ಜಾಸ್ತಿ ಆದಾಗೆಲ್ಲ ಇಲ್ಲಿಗೆ ಗುತ್ತಿಗೆ ಕೊಡ್ತಿದ್ರು, 1912ರಲ್ಲಿ ಒಂದು ಕೋಟಿ 68 ಲಕ್ಷ ಪೆನ್ನಿ ಇಲ್ಲೇ ಅಚ್ಚಾಗಿವೆ. ಆಮೇಲೆ 1918 ಮತ್ತು 1919ರಲ್ಲಿ ಎಚ್ ಜೊತೆಗೆ ಕೆಎನ್ ಅಂತಲೂ ಬರುತ್ತೆ, ಕೆಎನ್ ಅಂದ್ರೆ ಕಿಂಗ್ಸ್ ನಾರ್ಟನ್ ಮೆಟಲ್ ಕಂಪನಿ. ನಾನು ದಿನಾ ಟ್ರೈನ್ ಹತ್ತೋ ಸ್ಟೇಷನ್ ಹೆಸರು ನಾಣ್ಯದ ಮೇಲೆ! ಸಾದಾ 1918ರ ಪೆನ್ನಿ ಎಂಟು ಕೋಟಿಗೂ ಜಾಸ್ತಿ ಇದ್ರೆ ಆ ವರ್ಷದ ಎಚ್ ಮತ್ತು ಕೆಎನ್ ಎರಡೂ ಸೇರಿ 36 ಲಕ್ಷ ಚಿಲ್ಲರೆ ಮಾತ್ರ. ಅವತ್ತೇ ತೀರ್ಮಾನ ಮಾಡಿದೆ, ಪ್ರಪಂಚದ ನಾಣ್ಯ ಎಲ್ಲ ಗುಡ್ಡೆ ಹಾಕೋದು ಬೇಡ, ಬರ್ಮಿಂಗ್‌ಹ್ಯಾಮಲ್ಲಿ ಅಚ್ಚಾದ ಬ್ರಿಟಿಷ್ ನಾಣ್ಯ ಮಾತ್ರ ಸೇರಿಸೋಣ ಅಂತ. ಈ ಗಡಿ ಹಾಕ್ಕೊಂಡಿದ್ದು ತುಂಬಾ ಒಳ್ಳೇದಾಯ್ತು, ಇಲ್ಲಾಂದ್ರೆ ಆನ್‌ಲೈನಲ್ಲಿ ಕಣ್ಣಿಗೆ ಕಂಡಿದ್ದೆಲ್ಲ ಬೇಕು ಅನ್ಸುತ್ತೆ.

ಮೊದಲ ಆನ್‌ಲೈನ್ ಖರೀದಿ 1919ರ ಕೆಎನ್, 22 ಪೌಂಡ್ ಕೊಟ್ಟೆ. ಫೋಟೋ ಮಬ್ಬಾಗಿತ್ತು, ವಿವರಣೇಲಿ ಮಾತ್ರ ರೇರ್, ರೇರ್ ಅಂತ ಮೂರು ಸಲ ಬರ್ದಿದ್ರು, ನಾನು ನಂಬಿಬಿಟ್ಟೆ. ಬಂದ ಮೇಲೆ ಲೆನ್ಸಲ್ಲಿ ನೋಡಿದ್ರೆ ಅಕ್ಷರ ಇರಬೇಕಾದ ಜಾಗದಲ್ಲಿ ಒಂದು ಗೀರು, ಕೆಎನ್ನೂ ಇಲ್ಲ ಏನೂ ಇಲ್ಲ, ಸಾದಾ ಲಂಡನ್ ಪೆನ್ನಿ, ಇಲ್ಲಿ ಒಂದು ಪೌಂಡಿಗೆ ಸಿಗೋದು. ವಾಪಸ್ ಕಳಿಸೋ ಗಡುವು ಮುಗಿಯೋ ತನಕ ಕವರ್ ಬಿಚ್ಚಿರ್ಲಿಲ್ಲ ನಾನು, ಊರಿಗೆ ಹೋಗಿದ್ದೆ. ಅಲ್ಲಿಂದ ಮುಂದೆ ಒಂದು ಪದ್ಧತಿ ಮಾಡ್ಕೊಂಡೆ, ಪಾರ್ಸೆಲ್ ಬಂದ ದಿನವೇ ಬಿಚ್ಚೋದು, ಬಿಚ್ಚುವಾಗ ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳೋದು, ತೂಕ ಹಾಕೋದು, ಆಮೇಲೇ ಮಾರಿದವರಿಗೆ ಒಳ್ಳೇ ಫೀಡ್‌ಬ್ಯಾಕ್ ಕೊಡೋದು.

ಇದೇ ಥರದ ಇನ್ನೊಂದು ಗುಂಡಿ 1882ರ ಪೆನ್ನಿ. ಆ ವರ್ಷದ ಪೆನ್ನಿ ಎಲ್ಲ ಹೆಚ್ಚುಕಮ್ಮಿ ಹೀಟನ್ನಿಂದಲೇ ಬಂದವು, ವಿಕ್ಟೋರಿಯಾ ಕಾಲದಲ್ಲಿ ಎಚ್ ಇಸವಿಯ ಕೆಳಗಡೆ ಇರುತ್ತೆ. ಎಚ್ ಇಲ್ಲದ 1882 ನಿಜವಾಗ್ಲೂ ಬಹಳ ಅಪರೂಪ, ಅದಕ್ಕೇ ಸವೆದು ಎಚ್ ಅಳಿಸಿಹೋದ ನಾಣ್ಯಾನ ಎಚ್ ಇಲ್ಲದ್ದು ಅಂತ ಹಾಕ್ತಾರೆ, ಕೆಲವರು ಗೊತ್ತಿಲ್ದೇ, ಕೆಲವರು ಗೊತ್ತಿದ್ದೇ. ಸವೆದ ನಾಣ್ಯದಲ್ಲಿ ಅಕ್ಷರ ಕಾಣ್ತಿಲ್ಲ ಅಂದ್ರೆ ಅಕ್ಷರ ಇರ್ಲಿಲ್ಲ ಅಂತ ಅರ್ಥ ಅಲ್ಲ. 1933ರ ಪೆನ್ನಿ ಅಂತೂ ಕೇಳ್ಲೇಬೇಡಿ, ಆ ವರ್ಷ ಜನರ ಬಳಕೆಗೆ ಅಂತ ಪೆನ್ನಿ ಅಚ್ಚು ಹಾಕ್ಲೇ ಇಲ್ಲ, ಕಟ್ಟಡಗಳ ಅಡಿಗಲ್ಲಿನ ಕೆಳಗೆ ಇಡೋಕೆ ಅಂತ ಬೆರಳೆಣಿಕೆಯಷ್ಟು ಮಾಡಿದ್ರು, 1970ರಲ್ಲಿ ಲೀಡ್ಸಿನ ಒಂದು ಚರ್ಚಿನ ಅಡಿಗಲ್ಲು ಅಗೆದು ಅಲ್ಲಿದ್ದನ್ನ ಕದ್ದೇ ಹೋಗಿದಾರೆ. ಅಂಥದ್ದು 30 ಪೌಂಡಿಗೆ ಬಂತು ಅಂದ್ರೆ ಏನು ಅಂತ ನೀವೇ ಅರ್ಥ ಮಾಡ್ಕೊಳ್ಳಿ.

ಈಗ ನಾನು ಕೊಳ್ಳೋ ರೀತಿ ಹೇಳ್ತೀನಿ. ಇಬೇಯಲ್ಲಿ ಮಾರಾಟಕ್ಕಿರೋದರ ಬೆಲೆ ನೋಡೋದೇ ಇಲ್ಲ, ಫಿಲ್ಟರಲ್ಲಿ ಸೋಲ್ಡ್ ಅಂತ ಹಾಕಿ ಈಗಾಗ್ಲೇ ಮಾರಾಟ ಆಗಿದ್ದು ಮಾತ್ರ ನೋಡ್ತೀನಿ, ಕೇಳೋ ಬೆಲೆ ಯಾರು ಎಷ್ಟು ಬೇಕಾದ್ರೂ ಹಾಕ್ಬಹುದು, ಕೊಟ್ಟ ಬೆಲೆಯೇ ನಿಜವಾದ ಬೆಲೆ. ಅದೇ ಸ್ಥಿತಿಯ ಐದಾರು ನಾಣ್ಯದ ಬೆಲೆ ಒಂದು ಪುಸ್ತಕದಲ್ಲಿ ಬರ್ಕೊಂಡು ನನ್ನ ಮಿತಿ ಎಷ್ಟು ಅಂತ ಮೊದಲೇ ತೀರ್ಮಾನ ಮಾಡಿ, ಹರಾಜು ಮುಗಿಯೋಕೆ ಏಳೆಂಟು ಸೆಕೆಂಡ್ ಇರೋವಾಗ ಒಂದೇ ಸಲ ಆ ಮಿತಿ ಹಾಕ್ತೀನಿ, ಬಂದ್ರೆ ಬಂತು ಹೋದ್ರೆ ಹೋಯ್ತು. ಮೊದಲೇ ಹಾಕಿ ಒಬ್ಬರಿಗೊಬ್ಬರು ಏರಿಸ್ತಾ ಹೋದ್ರೆ ಅದು ನಾಣ್ಯದ ವ್ಯವಹಾರ ಆಗಲ್ಲ, ಹಠ ಆಗುತ್ತೆ. ಹರಾಜು ಮನೆಗಳ ಆನ್‌ಲೈನ್ ಹರಾಜಲ್ಲಿ ಇನ್ನೊಂದು ವಿಷ್ಯ ಇದೆ, ಹ್ಯಾಮರ್ ಪ್ರೈಸ್, ಅಂದ್ರೆ ಹರಾಜಲ್ಲಿ ಕೊನೆಗೆ ನಿಂತ ಬೆಲೆ, ಅದರ ಮೇಲೆ ಕೊಳ್ಳೋರ ಕಮಿಷನ್, ಅದರ ಮೇಲೆ ವ್ಯಾಟ್, ಪೋಸ್ಟೇಜ್ ಬೇರೆ, 50 ಪೌಂಡಿಗೆ ಗೆದ್ದೆ ಅಂತ ಖುಷಿ ಪಟ್ರೆ ಬಿಲ್ 65ರ ಮೇಲೆ ಬಂದಿರುತ್ತೆ. ಊರಲ್ಲಿರೋ ಸ್ನೇಹಿತರು ನಮಗೂ ತರ್ಸಿಕೊಡು ಅಂತಾರೆ, ಒಂದೊಂದೇ ಪೆನ್ನಿ ತರ್ಸಿದ್ರೆ ಪೋಸ್ಟೇಜೇ ನಾಣ್ಯಕ್ಕಿಂತ ಜಾಸ್ತಿ, ಜೊತೆಗೆ ಅಲ್ಲಿ ಕಸ್ಟಮ್ಸ್, ಅದಕ್ಕೇ ಒಬ್ಬರೇ ಮಾರಾಟಗಾರರ ಹತ್ರ ಹತ್ತಾರು ಒಟ್ಟಿಗೆ ಕೊಳ್ಳಿ ಅಂತೀನಿ.

ಕೇಳೋಕೆ ಸಂಕೋಚ ಪಡಬಾರದು. ಇಸವಿಯ ಹತ್ತಿರದ ಒಂದು ಕ್ಲೋಸಪ್, ಅಂಚಿನ ಫೋಟೋ, ತಕ್ಕಡಿ ಮೇಲಿಟ್ಟ ಫೋಟೋ, ಈ ಮೂರು ಕೇಳ್ತೀನಿ. ಒಳ್ಳೇ ಮಾರಾಟಗಾರರು ಅವತ್ತೇ ಕಳಿಸ್ತಾರೆ. ಉತ್ತರ ಕೊಡದವರ ಹತ್ರ ಕೊಳ್ಳಲ್ಲ. ಸ್ಥಿತಿಗೆ ಅಂತ ಇಲ್ಲಿ ಬಳಸೋ ಪದಗಳಲ್ಲೂ ಎಡವ್ತೀವಿ, ಫೈನ್ ಅಂದ್ರೆ ಚೆನ್ನಾಗಿದೆ ಅಂತಲ್ಲ, ಸಾಕಷ್ಟು ಸವೆದಿದೆ ಆದ್ರೆ ಮುಖ್ಯ ಚಿತ್ರ ಎಲ್ಲ ಕಾಣುತ್ತೆ ಅಂತ, ಅದರ ಮೇಲೆ ವೆರಿ ಫೈನ್, ಅದರ ಮೇಲೆ ಎಕ್ಸ್‌ಟ್ರೀಮ್ಲಿ ಫೈನ್, ಆಮೇಲೆ ಅನ್‌ಸರ್ಕ್ಯುಲೇಟೆಡ್. ಐದನೇ ಜಾರ್ಜ್ ಕಾಲದ 1911ರಿಂದ 1926ರ ತನಕದ ಪೆನ್ನಿಗಳಲ್ಲಿ ಹಿಂದಿನ ಬದಿಯಲ್ಲಿ ಕೂತಿರೋ ಬ್ರಿಟಾನಿಯಾ ದೇವಿಯ ಮುಖ ಮಬ್ಬಾಗಿದ್ರೆ ಅದು ಸವೆತವೇ ಆಗಿರಬೇಕು ಅಂತಿಲ್ಲ, ರಾಜನ ತಲೆ ಉಬ್ಬು ಜಾಸ್ತಿ ಆಗಿ ಹಿಂದಿನ ಬದಿಗೆ ಅಚ್ಚು ಸರಿಯಾಗಿ ತುಂಬ್ತಿರ್ಲಿಲ್ಲ. ಇದು ಗೊತ್ತಿಲ್ದೇ ಒಳ್ಳೊಳ್ಳೆ ನಾಣ್ಯ ಬಿಟ್ಟಿದೀನಿ ನಾನು.

ತೂಕದ ವಿಷ್ಯ ಸ್ವಲ್ಪ ಜಾಸ್ತಿನೇ ಹೇಳ್ಬೇಕು. 0.01 ಗ್ರಾಂ ತೋರಿಸೋ ಪುಟ್ಟ ತಕ್ಕಡಿ ಹತ್ತು ಪೌಂಡಿಗೆ ಸಿಗುತ್ತೆ, ಈ ಹವ್ಯಾಸದಲ್ಲಿ ನಾನು ಹಾಕಿದ ಅತಿ ಒಳ್ಳೇ ದುಡ್ಡು ಅದು. 1860ರಿಂದ ಬಂದ ಕಂಚಿನ ಪೆನ್ನಿ 9.45 ಗ್ರಾಂ, ಮೂರು ಸೇರಿದ್ರೆ ಸರಿಯಾಗಿ ಒಂದು ಔನ್ಸ್. ಬೆಳ್ಳಿಯಲ್ಲಿ ಶಿಲ್ಲಿಂಗ್ 5.65, ಫ್ಲೋರಿನ್ (ಎರಡು ಶಿಲ್ಲಿಂಗ್) 11.31, ಹಾಫ್ ಕ್ರೌನ್ (ಎರಡೂವರೆ ಶಿಲ್ಲಿಂಗ್) 14.14, ಕ್ರೌನ್ (ಐದು ಶಿಲ್ಲಿಂಗ್) 28.28. ಸವೆದಿದ್ರೆ ಸ್ವಲ್ಪ ಕಮ್ಮಿ ಬರುತ್ತೆ, ನಾಲ್ಕು ಗ್ರಾಂ ಕಮ್ಮಿ ಬರಲ್ಲ. ನಂಗೆ ಬಂದಿತ್ತು! ಗಡಿ ಮೀರಿ ಆಸೆಪಟ್ಟು ಮೂರನೇ ಜಾರ್ಜನ 1819ರ ಕ್ರೌನ್ ಒಂದು 48 ಪೌಂಡಿಗೆ ತಗೊಂಡಿದ್ದೆ, ಸಂತ ಜಾರ್ಜ್ ಕುದುರೆ ಮೇಲೆ ಕೂತು ಡ್ರ್ಯಾಗನ್ ಕೊಲ್ಲೋ ಚಿತ್ರ, ನೋಡೋಕೆ ಬಹಳ ಚೆನ್ನಾಗಿತ್ತು, ತಕ್ಕಡಿ ಮೇಲಿಟ್ರೆ 24 ಗ್ರಾಂ ಚಿಲ್ಲರೆ. ಅಂಚು ನೋಡಿದೆ, ಬರೀ ಗೆರೆಗಳು. ಅಸಲಿ ನಾಣ್ಯದ ಅಂಚಲ್ಲಿ ಡೆಕಸ್ ಎಟ್ ಟುಟಾಮೆನ್ ಅಂತ ಲ್ಯಾಟಿನ್ ಅಕ್ಷರ ಉಬ್ಬಿರಬೇಕು, ಅಲಂಕಾರವೂ ಹೌದು ರಕ್ಷಣೆಯೂ ಹೌದು ಅಂತ ಅರ್ಥ, ಜನ ಬೆಳ್ಳಿ ಆಸೆಗೆ ಅಂಚು ಕತ್ತರಿಸಿ ತಗೀಬಾರದು ಅಂತ ಬರ್ಸಿದ್ದು. ತಕ್ಕಡಿ ಫೋಟೋ, ಅಂಚಿನ ಫೋಟೋ, ಬಿಚ್ಚಿದ ವಿಡಿಯೋ ಎಲ್ಲ ಹಾಕಿ ದೂರು ಕೊಟ್ಟೆ, ಒಂಬತ್ತು ದಿನಕ್ಕೆ ದುಡ್ಡು ವಾಪಸ್ ಬಂತು.

ಬೆಳ್ಳಿ ಅಂತ ಒಟ್ಟು ಲಾಟಲ್ಲಿ ಕೊಳ್ಳೋರು ಇಸವಿ ನೋಡ್ಲೇಬೇಕು, 1919ರ ತನಕದ್ದು ಶೇ 92.5 ಬೆಳ್ಳಿ, 1920ರಿಂದ 1946ರ ತನಕ ಅರ್ಧ ಬೆಳ್ಳಿ, 1947ರಿಂದ ಬೆಳ್ಳಿ ಇಲ್ಲವೇ ಇಲ್ಲ, ತಾಮ್ರ ನಿಕ್ಕಲ್.

ನನ್ನ ಸಂಗ್ರಹದಲ್ಲಿ ನಂಗೆ ಜಾಸ್ತಿ ಪ್ರೀತಿ ಇರೋದು ಎರಡರ ಮೇಲೆ. ಒಂದು 1797ರ ಕಾರ್ಟ್‌ವೀಲ್ ಪೆನ್ನಿ, ಅಂದ್ರೆ ಗಾಡಿ ಚಕ್ರ. ಮ್ಯಾಥ್ಯೂ ಬೌಲ್ಟನ್ ಅನ್ನೋ ಬರ್ಮಿಂಗ್‌ಹ್ಯಾಮಿನ ಉದ್ಯಮಿ ಇಲ್ಲಿನ ತನ್ನ ಸೋಹೋ ಟಂಕಸಾಲೇಲಿ ಉಗಿ ಯಂತ್ರದಿಂದ ಅಚ್ಚು ಹಾಕಿದ್ದು, ಒಂದು ಪೆನ್ನಿಗೆ ಒಂದು ಔನ್ಸ್ ತಾಮ್ರ, ಎರಡು ಪೆನ್ನಿದಕ್ಕೆ ಎರಡು ಔನ್ಸ್, ಜೇಬಲ್ಲಿ ಇಟ್ಕೊಂಡು ಜನ ಹೇಗೆ ಓಡಾಡ್ತಿದ್ರೋ. ಬೌಲ್ಟನ್ ಮನೆ ಸೋಹೋ ಹೌಸ್ ಈಗ ಮ್ಯೂಸಿಯಂ, ಹ್ಯಾಂಡ್ಸ್‌ವರ್ತಲ್ಲಿದೆ, ನಾಣ್ಯ ಜೇಬಲ್ಲಿ ಹಾಕ್ಕೊಂಡೇ ಹೋಗಿ ನೋಡ್ಕೊಂಡು ಬಂದೆ. 1850ರಲ್ಲಿ ಆ ಸೋಹೋ ಯಂತ್ರಗಳು ಹರಾಜಾದಾಗ ಕೊಂಡವರು ಇದೇ ಹೀಟನ್ನು. ಈ ಪೆನ್ನಿಯ ಅಂಚಲ್ಲಿ ಏಟು ಬಿದ್ದು ಮೂರು ಕಡೆ ನೆಗ್ಗಿದೆ, ಅದಕ್ಕೇ 18 ಪೌಂಡಿಗೆ ಸಿಕ್ತು, ನಂಗೆ ಅದರಿಂದ ಏನೂ ಬೇಜಾರಿಲ್ಲ, ತೊಳೆದಿಲ್ಲವಲ್ಲ, ಚಾಕೊಲೇಟ್ ಬಣ್ಣ ಹಾಗೇ ಇದೆ.

ಇನ್ನೊಂದು 1808ರ ಹತ್ತು ಕಾಸು. ಈಸ್ಟ್ ಇಂಡಿಯಾ ಕಂಪನಿ ಮದ್ರಾಸ್ ಪ್ರೆಸಿಡೆನ್ಸಿಗೆ ಅಂತ ಇದೇ ಸೋಹೋದಲ್ಲಿ ಮಾಡಿಸಿದ್ದು, ಒಂದು ಕಡೆ ಕಂಪನಿ ಲಾಂಛನ, ಇನ್ನೊಂದು ಕಡೆ ಪರ್ಷಿಯನ್ ಬರಹ, ಕೆಳಗೆ ಎಕ್ಸ್ ಕ್ಯಾಶ್ ಅಂತ ಇದೆ, ಎಕ್ಸ್ ಅಂದ್ರೆ ರೋಮನ್ ಅಂಕಿಯ ಹತ್ತು. ಅಡ್ಮಿರಲ್ ಗಾರ್ಡ್ನರ್ ಅನ್ನೋ ಹಡಗು ಇವನ್ನ ತುಂಬ್ಕೊಂಡು ಹೊರಟು 1809ರ ಜನವರೀಲಿ ಕೆಂಟ್ ತೀರದ ಗುಡ್‌ವಿನ್ ಮರಳುದಿಬ್ಬದಲ್ಲಿ ಮುಳುಗಿಹೋಯ್ತು, 1980ರ ದಶಕದಲ್ಲಿ ಮೇಲೆತ್ತಿದ್ರು, ರಾಶಿ ರಾಶಿ ಇರೋದ್ರಿಂದ ಹತ್ತು ಹನ್ನೆರಡು ಪೌಂಡಿಗೇ ಸಿಗುತ್ತೆ. ನನ್ನ ಹೆಂಡತಿ ಊರು ಪುತ್ತೂರು, ಆಗ ಅದು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ವಿಡಿಯೋ ಕಾಲಲ್ಲಿ ತೋರಿಸಿದಾಗ ಮಾವ ಕನ್ನಡಕ ಹಾಕ್ಕೊಂಡು ಹತ್ರ ಹಿಡೀರಿ ಹತ್ರ ಹಿಡೀರಿ ಅಂದು, ಓ ಇದು ನಮ್ಮ ಕಾಸಲ್ವಾ, ಇದನ್ನ ಇಂಗ್ಲೀಷಿನವ ಕ್ಯಾಶ್ ಅಂತ ಬರ್ದದ್ದಾ ಅಂದ್ರು. ಅತ್ತೆ ಪಕ್ಕದಿಂದ ಪವನ್ ಇದ್ರೆ ನೋಡಿ ಅಂದ್ರು. ಅವರ ಕಡೆ ಚಿನ್ನ ಲೆಕ್ಕ ಹಾಕೋದೇ ಪವನಲ್ಲಿ, ಎಂಟು ಗ್ರಾಂ, ಅದು ಸಾವರಿನ್ ಅನ್ನೋ ಬ್ರಿಟಿಷ್ ಚಿನ್ನದ ನಾಣ್ಯದ ತೂಕದಿಂದಲೇ ಬಂದಿದ್ದು, ಸಾವರಿನ್ 7.98 ಗ್ರಾಂ. ಅದು ನನ್ನ ಬಜೆಟ್ಟಿಗೆ ಮೀರಿದ್ದು.

ಇಡೋದಕ್ಕೆ ಪಿವಿಸಿ ಕವರ್ ಬಳಸ್ಬೇಡಿ, ವರ್ಷ ಕಳೆದ್ರೆ ಹಸಿರು ಅಂಟು ಬಿಡುತ್ತೆ. ನಾನು ಮೈಲಾರ್ ಅನ್ನೋ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇರೋ ರಟ್ಟಿನ ಹೋಲ್ಡರಲ್ಲಿ ಇಡ್ತೀನಿ, ಮೇಲೆ ಪೆನ್ಸಿಲಲ್ಲಿ ಇಸವಿ, ತೂಕ, ಕೊಟ್ಟ ಬೆಲೆ, ತಗೊಂಡ ದಿನ ಬರೀತೀನಿ. ಹಿಡಿಯೋದು ಯಾವಾಗ್ಲೂ ಅಂಚಲ್ಲಿ. ಹುಣಸೆಹಣ್ಣಲ್ಲಿ ತೊಳೆದ ಆ 1912 ಕೂಡ ಆಲ್ಬಮ್ಮಿನ ಮೊದಲ ಪುಟದಲ್ಲೇ ಇದೆ, ಏಳು ವರ್ಷದಲ್ಲಿ ಅಂಚಿನ ಕಡೆಯಿಂದ ಸ್ವಲ್ಪ ಸ್ವಲ್ಪ ಕಂದು ಬಣ್ಣ ಬರ್ತಿದೆ, ಆದ್ರೆ ಬ್ರಷ್ಷಿನ ಗೀರು ಹಾಗೇ ಇವೆ.

1919ರ ಕೆಎನ್ ಆಮೇಲೆ ಸರಿಯಾದ್ದೇ ಸಿಕ್ತು, ಅಕ್ಷರ ಬರಿಗಣ್ಣಿಗೇ ಕಾಣುತ್ತೆ. ಬಾಕಿ ಇರೋದು 1918ರದ್ದು. ಈ ವರ್ಷ ಮೂರು ಕೈತಪ್ಪಿತು, ಮೂರೂ ನನ್ನ ಮಿತಿಗಿಂತ ಮೇಲೆ ಹೋದ್ವು. ಗುರುವಾರ ರಾತ್ರಿ ಇನ್ನೊಂದು ಮುಗಿಯುತ್ತೆ, ಬಣ್ಣ ಚೆನ್ನಾಗಿದೆ, ಇಸವಿಯ ಪಕ್ಕದ ಕ್ಲೋಸಪ್ ಕೇಳಿದೀನಿ, ಇನ್ನೂ ಕಳಿಸಿಲ್ಲ.