ಭಿನ್ನರಾಶಿ ಕೂಡಿಸಲು ಒಂದು ಹಾಳೆ ಸಾಕು

ಆರನೇ ತರಗತಿಯ ಮಕ್ಕಳಿಗೆ 1/2 + 1/3 ಕೊಟ್ಟು ನೋಡಿ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಅಂತ ಬರೆದುಬಿಡುತ್ತಾರೆ. ‘ಲಸಾಅ ತೆಗಿ’ ಅಂತ ನಾವು ಗದರುತ್ತೇವೆ. ಲಸಾಅ ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯ, ಕೆಳಗಿನ ಎರಡೂ ಸಂಖ್ಯೆಗಳಿಂದ (ಛೇದಗಳಿಂದ) ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ. ಯಾಕೆ ತೆಗೀಬೇಕು ಅಂತ ಮಗುವಿಗೆ ಗೊತ್ತಿಲ್ಲ. ಗದರಿದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಒಂದು ಎ4 ಹಾಳೆ, ಸ್ಕೇಲು, ಕತ್ತರಿ ತಗೊಳ್ಳಿ. ಹಾಳೆಯನ್ನು ಉದ್ದುದ್ದಕ್ಕೆ 3 ಸೆಂ.ಮೀ. ಅಗಲದ ಪಟ್ಟಿ ಮಾಡಿದರೆ ಏಳು ಬರುತ್ತವೆ. ಎಲ್ಲವನ್ನೂ 24 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಒಂದು ಇಡಿಯಾಗಿರಲಿ. ಉಳಿದವನ್ನು 2, 3, 4, 6, 8, 12 ಸಮ ತುಂಡು ಮಾಡಿ. ಮಡಚಿ ಅಂದಾಜಿನಲ್ಲಿ ಕತ್ತರಿಸಬೇಡಿ, ಮೂರು ಸಮ ಭಾಗ ಮಾಡುವಾಗ ಅಳತೆ ಕೆಡುತ್ತದೆ. ದುಂಡಗಿನ ಪಿಜ್ಜಾ ಚಿತ್ರಗಳನ್ನು ನಾನು ಹತ್ತಿರ ಸೇರಿಸದಿರುವುದೂ ಇದಕ್ಕೇ.

ತುಂಡುಗಳ ಮೇಲೆ ಏನೂ ಬರೆಯಬೇಡಿ. ಅಂಗಡಿಯ ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಒಂದೊಂದು ಅಳತೆಗೆ ಒಂದೊಂದು ಬಣ್ಣ, ಮೇಲೆ ಅಚ್ಚಾದ ಸಂಖ್ಯೆ. ಮಗು ಅಳೆಯುವುದು ಬಿಟ್ಟು ‘ಕೆಂಪು ಅಂದ್ರೆ ಅರ್ಧ’ ಅಂತ ಬಾಯಿಪಾಠ ಮಾಡುತ್ತದೆ. ದುಡ್ಡು ದಂಡ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಅರ್ಧದ ತುಂಡು, ಅದರ ಪಕ್ಕಕ್ಕೆ ಮೂರನೇ ಒಂದರ ತುಂಡು ಜೋಡಿಸಿ. ‘2/5 ಅರ್ಧಕ್ಕಿಂತ ಕಮ್ಮಿ ಅಲ್ವಾ? ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಕಮ್ಮಿ ಆಗೋದು ಹೇಗೆ?’ ಅಂತ ಕೇಳಿ ಸುಮ್ನೆ ಕೂತುಬಿಡಿ. ಉತ್ತರ ಹೇಳಿಕೊಡಬೇಡಿ.

ಆಮೇಲೆ ಒಂದೇ ಕೆಲಸ ಕೊಡಿ: ಎರಡೂ ತುಂಡುಗಳನ್ನು ಸರಿಯಾಗಿ ಮುಚ್ಚುವ ಒಂದೇ ಅಳತೆಯ ಚೂರು ಹುಡುಕು. ಮಗು ಕಾಲು ಭಾಗ ಇಟ್ಟು ನೋಡುತ್ತದೆ. ಅರ್ಧದ ತುಂಡು ಸರಿಯಾಗಿ ಮುಚ್ಚುತ್ತದೆ, ಮೂರನೇ ಒಂದರಲ್ಲಿ 2 ಸೆಂ.ಮೀ. ಉಳಿಯುತ್ತದೆ. ಎಂಟನೇ ಒಂದರಲ್ಲೂ ಅದೇ ಕಥೆ. ಈ ತಪ್ಪು ಪ್ರಯತ್ನಗಳನ್ನು ತಡೆಯಬೇಡಿ, ಪಾಠ ಇರುವುದೇ ಅಲ್ಲಿ. ಆರನೇ ಒಂದು ಕೈಗೆ ಸಿಕ್ಕಾಗ ಅರ್ಧಕ್ಕೆ ಮೂರು, ಇನ್ನೊಂದಕ್ಕೆ ಎರಡು, ಒಟ್ಟು 5/6. ಹನ್ನೆರಡನೇ ಒಂದನ್ನು ಹಿಡಿದವರಿಗೆ 10/12 ಬರುತ್ತದೆ. ಅದೂ ಸರಿಯೇ, ಉದ್ದ ಒಂದೇ. ಎರಡಕ್ಕೂ ಹೊಂದುವ ಚೂರುಗಳಲ್ಲಿ ದೊಡ್ಡದು ಯಾವುದು ಅಂತ ಕೇಳಿ. ಅದರ ಛೇದ 6, ಅದೇ ಲಸಾಅ. ಆ ಹೆಸರನ್ನು ಈಗ ಹೇಳಿ, ಮೊದಲೇ ಅಲ್ಲ.

ಅಡ್ಡ ಗುಣಾಕಾರದ (ಒಂದರ ಮೇಲಿನ ಸಂಖ್ಯೆಯನ್ನು ಇನ್ನೊಂದರ ಕೆಳಗಿನದರಿಂದ ಗುಣಿಸುವ) ಶಾರ್ಟ್‌ಕಟ್ಟನ್ನು ಒಂದು ವಾರ ಮುಟ್ಟಬೇಡಿ. ಟ್ಯೂಷನ್ನಿನಲ್ಲಿ ಮೊದಲ ದಿನವೇ ಅದನ್ನು ಹೇಳಿಕೊಟ್ಟಿದ್ದರೆ ನಿಮ್ಮ ಕೆಲಸ ಎರಡರಷ್ಟು.

ಕಳೆಯುವ ಲೆಕ್ಕಕ್ಕೂ ಇವೇ ಪಟ್ಟಿ. ಮರುದಿನ 1/4 + 2/3 ಕೊಡಿ. ಅದಾದ ಮೇಲೆ 1/2 + 2/3. ಅದು ಇಡೀ ಪಟ್ಟಿಗಿಂತ ಉದ್ದ ಬರುತ್ತದೆ, ಮಿಶ್ರ ಭಿನ್ನರಾಶಿಯನ್ನು ಅಲ್ಲಿಂದಲೇ ಶುರು ಮಾಡಬಹುದು.